ಎತ್ತರದ ಕೆಲಸದ ತರಬೇತಿ: ಒಮ್ಮೆ ಕೊಟ್ಟದ್ದು ಎಲ್ಲಿಯವರೆಗೆ ಸಲ್ಲುತ್ತದೆ?

ಪ್ರಶ್ನೆ: ಸೈಟ್ ಇಂಜಿನಿಯರ್, ತುಮಕೂರು

ಎಲ್ಲರಿಗೂ ನಮಸ್ಕಾರ. ತುಮಕೂರಿನ ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಒಂದು ಗೋದಾಮಿನ ಕಟ್ಟಡದ ಕೆಲಸವನ್ನು ನೋಡಿಕೊಳ್ಳುತ್ತಿದ್ದೇನೆ. ಸುತ್ತಲಿನ ಗೋಡೆ ಮುಗಿದಿದೆ, ಕಂಬ ಮತ್ತು ಚಾವಣಿ ಹೊರುವ ಟ್ರಸ್‌ಗಳು ನಿಂತಿವೆ. ಇನ್ನು ಪರ್ಲಿನ್ (ಶೀಟನ್ನು ಹೊರುವ ಅಡ್ಡ ಉಕ್ಕಿನ ಪಟ್ಟಿ) ಜೋಡಿಸಿ ಚಾವಣಿಗೆ ಶೀಟ್ ಹೊದಿಸಬೇಕು. ಸೂರಿನ ಎತ್ತರ ಸುಮಾರು 9 ಮೀಟರ್. ನಮ್ಮಲ್ಲಿ ನಲವತ್ತರ ಆಸುಪಾಸಿನಲ್ಲಿ ಕೆಲಸಗಾರರಿದ್ದಾರೆ. ಗಾರೆ ಕೆಲಸದವರಲ್ಲಿ ಹೆಚ್ಚಿನವರು ಯಾದಗಿರಿ, ರಾಯಚೂರು ಕಡೆಯವರು. ಉಕ್ಕಿನ ಕೆಲಸದ ತಂಡ ಬಿಹಾರ ಮತ್ತು ಒಡಿಶಾದಿಂದ ಬಂದಿದೆ.

ಕೆಲಸ ಆರಂಭವಾದಾಗ ಹೊರಗಿನ ತರಬೇತಿದಾರರೊಬ್ಬರನ್ನು ಕರೆಸಿ ಎಲ್ಲರಿಗೂ ಎತ್ತರದ ಕೆಲಸದ ಬಗ್ಗೆ ಅರ್ಧ ದಿನದ ತರಬೇತಿ ಕೊಡಿಸಲಾಗಿತ್ತು. ಎಲ್ಲರಿಗೂ ಪ್ರಮಾಣಪತ್ರವಿದೆ, ಅದರ ಮೇಲೆ ಒಂದು ವರ್ಷದ ಅವಧಿ ಎಂದು ಬರೆದಿದೆ. ಕಟ್ಟಡದ ಮಾಲೀಕರ ಕಡೆಯವರು ತಪಾಸಣೆಗೆ ಬಂದಾಗ ನೋಡುವುದು ಆ ದಿನಾಂಕವನ್ನು ಮಾತ್ರ, ಮತ್ತು ಆ ಲೆಕ್ಕದಲ್ಲಿ ನಮ್ಮ ಕಡತ ಸರಿಯಾಗಿಯೇ ಇದೆ. ಆದರೆ ಅಂದು ಕುಳಿತು ಕೇಳಿದವರಲ್ಲಿ ಹಲವರು ಊರಿಗೆ ಹೋಗಿದ್ದಾರೆ, ಅವರ ಜಾಗಕ್ಕೆ ಅವರ ತಮ್ಮಂದಿರೋ ಊರಿನವರೋ ಬಂದಿದ್ದಾರೆ. ಉಳಿದವರು ಅಂದು ಸಾರುವೆಯ ಮೇಲೆ ನಿಂತು ಗೋಡೆ ಕಟ್ಟುತ್ತಿದ್ದವರು. ಅವರಲ್ಲಿ ಕೆಲವರು ಈಗ ಶೀಟ್ ಸಾಗಿಸಲು ಚಾವಣಿ ಏರಬೇಕಾಗಿದೆ. ಸೊಂಟಕ್ಕೆ ಮಾತ್ರ ಕಟ್ಟುವ ಹಳೆಯ ಬೆಲ್ಟುಗಳನ್ನು ತೆಗೆದು ಮೈಪೂರ್ತಿ ಹಾರ್ನೆಸ್‌ಗಳನ್ನು ತರಿಸಿದ್ದೇವೆ. ಹೀಗಿರುವಾಗ ಒಂದು ವರ್ಷದ ಅವಧಿ ಎಂಬುದಕ್ಕೆ ನಿಜವಾಗಿ ಏನು ಆಧಾರವಿದೆ, ಕಾನೂನು ಇಂತಿಷ್ಟು ತಿಂಗಳಿಗೊಮ್ಮೆ ಎಂದು ಹೇಳುತ್ತದೆಯೇ, ನಾನು ಈಗಲೇ ಎಲ್ಲರನ್ನೂ ಮತ್ತೆ ಕೂರಿಸಬೇಕೇ ಅಥವಾ ಹೊಸಬರಿಗೆ ಮಾತ್ರ ಸಾಕೇ ಎಂಬುದನ್ನು ಅನುಭವವುಳ್ಳವರು ತಿಳಿಸಬೇಕೆಂದು ಕೋರುತ್ತೇನೆ. ಆಷಾಢದ ಗಾಳಿ ಏಳುವ ಮೊದಲು ಶೀಟ್ ಕೆಲಸ ಮುಗಿಸುವ ಒತ್ತಡವಿದೆ. ಆ ಒತ್ತಡದಲ್ಲಿ ಈ ವಿಷಯ ಹಿಂದೆ ಬೀಳಬಾರದು ಎಂಬುದೇ ನನ್ನ ಕಾಳಜಿ.

ಉತ್ತರ: ಸುರಕ್ಷತಾ ಅಧಿಕಾರಿ, ಕೋಲಾರ

ಇಂಜಿನಿಯರ್ ಅವರೇ, ತಮ್ಮ ಅನುಮಾನ ಸರಿಯಾದ ಕಡೆಗೇ ಹೋಗಿದೆ. ನರಸಾಪುರ ಮತ್ತು ವೇಮಗಲ್ ಭಾಗದ ಕಾರ್ಖಾನೆ ಕಟ್ಟಡಗಳಲ್ಲಿ ಇದೇ ಕೆಲಸ ಮಾಡುತ್ತಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಕಾನೂನಿನ ಮಾತು. 1996ರ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಾಯ್ದೆಯು ಹತ್ತು ಅಥವಾ ಹೆಚ್ಚು ಕಾರ್ಮಿಕರಿರುವ ನಿರ್ಮಾಣಗಳಿಗೆ ಅನ್ವಯಿಸುತ್ತಿತ್ತು, ಮತ್ತು 500 ಅಥವಾ ಹೆಚ್ಚು ಕಾರ್ಮಿಕರಿರುವಲ್ಲಿ ಸುರಕ್ಷತಾ ಅಧಿಕಾರಿ ಇರಬೇಕೆಂದು ಹೇಳಿತ್ತು. ಅದರ ಜಾಗಕ್ಕೆ ಬಂದ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ನಿರ್ಮಾಣ ಕೆಲಸಕ್ಕೆ ಸುರಕ್ಷತಾ ಅಧಿಕಾರಿಯ ಮಿತಿಯನ್ನು ಅದು 250ಕ್ಕೆ ಇಳಿಸಿದೆ. ನಲವತ್ತು ಮಂದಿಯ ತಮ್ಮ ಸೈಟಿಗೆ ಪ್ರತ್ಯೇಕ ಅಧಿಕಾರಿ ಬೇಕಾಗದಿದ್ದರೂ, ಕಾರ್ಮಿಕರ ಸುರಕ್ಷತೆಗೆ ಅಗತ್ಯವಾದ ಮಾಹಿತಿ, ಸೂಚನೆ, ತರಬೇತಿ ಮತ್ತು ಮೇಲ್ವಿಚಾರಣೆಯನ್ನು ಒದಗಿಸುವ ಹೊಣೆಯನ್ನು ಅದೇ ಸಂಹಿತೆಯ 6ನೇ ಪ್ರಕರಣ ಉದ್ಯೋಗದಾತನ ಮೇಲೆ ಹೊರಿಸುತ್ತದೆ. ಆ ಪ್ರಕರಣದಲ್ಲಿ ತಿಂಗಳ ಲೆಕ್ಕವಿಲ್ಲ. ಪ್ರಮಾಣಪತ್ರದ ಮೇಲಿನ ಒಂದು ವರ್ಷ ಎಂಬುದು ತರಬೇತಿ ಸಂಸ್ಥೆಯೋ ಕಟ್ಟಡದ ಮಾಲೀಕರೋ ಇಟ್ಟುಕೊಂಡ ಮಿತಿ. ಅದನ್ನು ಗರಿಷ್ಠ ಮಿತಿ ಎಂದು ಇಟ್ಟುಕೊಳ್ಳುವುದು ಒಳ್ಳೆಯದೇ. ಆದರೆ ಅಲ್ಲಿಯವರೆಗೆ ಏನೂ ಮಾಡಬೇಕಾಗಿಲ್ಲ ಎಂದು ಅದನ್ನು ಓದಿಕೊಳ್ಳಬಾರದು.

ಈ ವಿಷಯದಲ್ಲಿ ಅಮೆರಿಕದ ನಿಯಮವನ್ನು ನೋಡುವುದು ಉಪಯುಕ್ತ. ಅಲ್ಲಿ ನಿರ್ಮಾಣ ಕೆಲಸದಲ್ಲಿ 6 ಅಡಿ ಎತ್ತರದಿಂದಲೇ ಬೀಳದಂತೆ ರಕ್ಷಣೆ ಬೇಕು, ಮತ್ತು ಮರುತರಬೇತಿಗೆ ಅವರು ವರ್ಷದ ಗಡುವು ಇಟ್ಟಿಲ್ಲ. ಕೆಲಸದ ಸ್ಥಳ ಬದಲಾಗಿ ಹಿಂದಿನ ತರಬೇತಿ ಹೊಂದದೇ ಹೋದಾಗ, ರಕ್ಷಣಾ ಸಾಧನದ ಬಗೆ ಬದಲಾದಾಗ, ಮತ್ತು ಕಲಿತದ್ದು ಕೆಲಸಗಾರನ ಕೈಯಲ್ಲಿ ಉಳಿದಿಲ್ಲವೆಂದು ಅವನ ನಡವಳಿಕೆಯಿಂದ ತಿಳಿದಾಗ ಮತ್ತೆ ಕಲಿಸಬೇಕು ಎಂಬುದು ಅವರ ನಿಯಮ. ಅದು ನಮ್ಮ ಮೇಲೆ ಕಡ್ಡಾಯವಲ್ಲ, ಆದರೆ ತಮ್ಮ ಸೈಟಿನಲ್ಲಿ ಈಗ ಮೊದಲ ಎರಡು ಕಾರಣಗಳು ಸ್ಪಷ್ಟವಾಗಿ ಕೂಡಿಬಂದಿವೆ. ಸಾರುವೆಯಿಂದ ಚಾವಣಿಗೆ ಹೋಗುವುದು ಬೇರೆಯೇ ಕೆಲಸ; ಸೊಂಟದ ಬೆಲ್ಟಿನಿಂದ ಹಾರ್ನೆಸ್‌ಗೆ ಹೋಗುವುದು ಬೇರೆಯೇ ಸಾಧನ. ಆದ್ದರಿಂದ ಹೊಸಬರಿಗೆ ಮಾತ್ರ ಸಾಕೇ ಎಂಬ ಪ್ರಶ್ನೆಗೆ ನನ್ನ ಉತ್ತರ: ಸಾಲದು. ಚಾವಣಿ ಏರುವ ಪ್ರತಿಯೊಬ್ಬರಿಗೂ, ಏರುವ ಮೊದಲೇ ಆಗಬೇಕು.

ಏನನ್ನು ಕಲಿಸಬೇಕು ಎಂಬುದು ಇದಕ್ಕಿಂತ ದೊಡ್ಡ ವಿಷಯ. ಶೀಟ್ ಹೊದಿಸುವಾಗ ಬೀಳುವುದು ಅಂಚಿನಿಂದ ಮಾತ್ರವಲ್ಲ. ಬೆಳಕಿಗೆಂದು ನಡುನಡುವೆ ಹಾಕುವ ಪಾರದರ್ಶಕ ಶೀಟುಗಳು ಮನುಷ್ಯನ ತೂಕವನ್ನು ಹೊರುತ್ತವೆಂದು ನಂಬುವಂತಿಲ್ಲ. ದೂಳು ಕೂತ ಮೇಲೆ ಅವು ಉಕ್ಕಿನ ಶೀಟಿನಂತೆಯೇ ಕಾಣುತ್ತವೆ. ತಿರುಪು ಬಿಗಿಯದೆ ಸುಮ್ಮನೆ ಇರಿಸಿದ ಉಕ್ಕಿನ ಶೀಟಿನ ತುದಿಯ ಮೇಲೆ ಕಾಲಿಟ್ಟರೆ ಅದೂ ಮಗುಚುತ್ತದೆ. ಗೋಡೆಯ ಕೆಲಸಕ್ಕೆಂದು ಕೊಟ್ಟ ತರಬೇತಿಯಲ್ಲಿ ಇವು ಯಾವುವೂ ಬಂದಿರಲಾರವು. ಯಾವ ಸಾಲಿನಲ್ಲಿ ಪಾರದರ್ಶಕ ಶೀಟ್ ಬರುತ್ತದೆ, ಎಲ್ಲಿ ಹಲಗೆ ಹಾಸಿ ನಡೆಯಬೇಕು, ಕೊಕ್ಕೆ ಸಿಕ್ಕಿಸುವ ಲೈಫ್‌ಲೈನ್ ಹಗ್ಗ ಎಲ್ಲಿಂದ ಎಲ್ಲಿಗೆ ಎಳೆದಿದೆ ಎಂಬುದನ್ನು ತಮ್ಮದೇ ನಕ್ಷೆ ಇಟ್ಟುಕೊಂಡು, ನೆಲದ ಮೇಲೆ ಸುಣ್ಣದ ಗೆರೆ ಎಳೆದು ತೋರಿಸಿ.

ಹಾರ್ನೆಸ್ ವಿಷಯದಲ್ಲಿ ಬಹಳ ಮಂದಿ ಹೇಳದೇ ಬಿಡುವ ಒಂದು ಲೆಕ್ಕವಿದೆ. ಆಘಾತ ತಗ್ಗಿಸುವ ಪಟ್ಟಿಯಿರುವ ಸಾಮಾನ್ಯ ಲ್ಯಾನ್ಯಾರ್ಡ್ (ಹಾರ್ನೆಸ್ಸನ್ನು ಆಧಾರಕ್ಕೆ ಸಿಕ್ಕಿಸುವ ಹಗ್ಗ) ಸುಮಾರು 1.8 ಮೀಟರ್ ಉದ್ದವಿರುತ್ತದೆ. ಬಿದ್ದಾಗ ಆ ಪಟ್ಟಿ ಬಿಚ್ಚಿಕೊಂಡು 1.75 ಮೀಟರಿನವರೆಗೂ ಉದ್ದವಾಗಬಹುದು. ಬೆನ್ನಿನ ಕೊಂಡಿಯಿಂದ ಪಾದದವರೆಗೆ ಇನ್ನೊಂದು ಒಂದೂವರೆ ಮೀಟರ್. ಮುನ್ನೆಚ್ಚರಿಕೆಗೆ ಒಂದು ಮೀಟರ್ ಸೇರಿಸಿದರೆ, ಕೊಕ್ಕೆ ಸಿಕ್ಕಿಸಿದ ಜಾಗದಿಂದ ಕೆಳಕ್ಕೆ ಸುಮಾರು 6 ಮೀಟರ್ ಖಾಲಿ ಇರಬೇಕು. 9 ಮೀಟರ್ ಸೂರಿನಲ್ಲಿ ಇದು ಸಾಕಾಗುತ್ತದೆ. ಆದರೆ ಕೆಳಗೆ ಮೆಜನೈನ್ ಎಂಬ ನಡು ಅಂತಸ್ತೋ ಪೇರಿಸಿದ ಸಾಮಾನೋ ಇದ್ದರೆ ಹಾರ್ನೆಸ್ ಬಿಗಿಯುವ ಮೊದಲೇ ದೇಹ ಅದಕ್ಕೆ ಬಡಿಯುತ್ತದೆ. ಕೊಕ್ಕೆಯನ್ನು ಕಾಲ ಬಳಿಯ ಪರ್ಲಿನ್‌ಗೆ ಸಿಕ್ಕಿಸಿದರೆ, ಲ್ಯಾನ್ಯಾರ್ಡ್ ಬಿಗಿಯುವಷ್ಟರಲ್ಲಿ ಕೆಲಸಗಾರ 3.3 ಮೀಟರ್ ಬಿದ್ದಿರುತ್ತಾನೆ. ತಲೆಯ ಮೇಲೆ ಸಿಕ್ಕಿಸಿದರೆ ಅದರ ಸಣ್ಣ ಭಾಗ ಮಾತ್ರ. ಇನ್ನು ಲೈಫ್‌ಲೈನ್ ಜೋತುಬೀಳುವ ಪ್ರಮಾಣವನ್ನೂ ಇದಕ್ಕೆ ಕೂಡಿಸಿಕೊಳ್ಳಬೇಕು. ಈ ಲೆಕ್ಕವನ್ನು ಟೇಪು ಹಿಡಿದು ಒಂದು ಕಂಬದ ಮೇಲೆ ಗುರುತು ಹಾಕಿ ತೋರಿಸಿದರೆ ಅಕ್ಷರ ಬಾರದವರಿಗೂ ಅರ್ಥವಾಗುತ್ತದೆ.

ದಾಖಲೆಯ ವಿಷಯವನ್ನು ಎರಡು ಮಾತಿನಲ್ಲಿ ಮುಗಿಸುತ್ತೇನೆ. ಪ್ರತಿ ಕೆಲಸಗಾರನ ಹೆಸರಿನ ಮುಂದೆ ದಿನಾಂಕದ ಜೊತೆಗೆ ಯಾವ ಕೆಲಸಕ್ಕೆ, ಯಾವ ಸಾಧನದ ಮೇಲೆ, ಯಾವ ಭಾಷೆಯಲ್ಲಿ, ಯಾರು ಕಲಿಸಿದರು ಎಂದು ಬರೆಯಿರಿ. ಹಾಗೆ ಬರೆದ ಪುಸ್ತಕವನ್ನು ಬೆಳಿಗ್ಗೆ ಹಾಜರಿ ಪುಸ್ತಕದ ಪಕ್ಕದಲ್ಲಿಟ್ಟು ನೋಡಿದರೆ, ಇಂದು ಚಾವಣಿ ಏರಬಾರದವರು ಯಾರು ಎಂಬುದು ಯಾರನ್ನೂ ಕೇಳದೆ ತಿಳಿಯುತ್ತದೆ.

ಉತ್ತರ: ಸೆಂಟ್ರಿಂಗ್ ಮೇಸ್ತ್ರಿ, ಚಿಕ್ಕಬಳ್ಳಾಪುರ

ಇಬ್ಬರಿಗೂ ನಮಸ್ಕಾರ. ನಾನು ದೊಡ್ಡ ಶೆಡ್ಡುಗಳಲ್ಲಿ ಕೆಲಸ ಮಾಡಿದವನಲ್ಲ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ ಕಡೆ ಎರಡು ಮೂರು ಅಂತಸ್ತಿನ ಮನೆಗಳ ಸೆಂಟ್ರಿಂಗ್ ಕೆಲಸವನ್ನು ಬಹಳ ಕಾಲದಿಂದ ಮಾಡಿಸುತ್ತಿದ್ದೇನೆ. ನಮ್ಮಂಥ ಸಣ್ಣ ಸೈಟುಗಳ ಮಾತೂ ಈ ಚರ್ಚೆಯಲ್ಲಿ ಬರಬೇಕೆಂದು ಬರೆಯುತ್ತಿದ್ದೇನೆ.

ಕೋಲಾರದ ಸಾಹೇಬರು ಹೇಳಿದ 6 ಮೀಟರಿನ ಲೆಕ್ಕವನ್ನು ನಮ್ಮ ಕೆಲಸಕ್ಕೆ ಹಿಡಿದು ನೋಡಿದರೆ, ಒಂದು ಅಂತಸ್ತಿಗೆ ಹತ್ತು ಅಡಿ ಇರುವ ಮನೆಯಲ್ಲಿ ಅಂಥ ಲ್ಯಾನ್ಯಾರ್ಡ್ ಕಟ್ಟಿಕೊಂಡವನು ಬಹುತೇಕ ನೆಲಕ್ಕೇ ಬಡಿಯುತ್ತಾನೆ. ಮೂರು ಮೀಟರ್ ಬೀಳಲು ಒಂದು ಸೆಕೆಂಡೂ ಬೇಕಾಗುವುದಿಲ್ಲ. ಆದ್ದರಿಂದ ನಮ್ಮಲ್ಲಿ ಹಾರ್ನೆಸ್ ಹಾಕುವುದನ್ನು ಕಲಿಸಿ ಕೈತೊಳೆದುಕೊಂಡರೆ ಕಲಿಸಬೇಕಾದದ್ದು ಉಳಿದುಹೋಗುತ್ತದೆ. ನಮ್ಮವರಿಗೆ ಬೇಕಾದ ತರಬೇತಿ ಎಂದರೆ ಸಾರುವೆಯನ್ನು ಗಟ್ಟಿಯಾಗಿ ಕಟ್ಟುವುದು, ನಿಲ್ಲುವ ಜಾಗಕ್ಕೆ ಸಂದಿಯಿಲ್ಲದಂತೆ ಹಲಗೆ ಹಾಸುವುದು, ಸೊಂಟದ ಮಟ್ಟಕ್ಕೆ ಅಡ್ಡಲಾಗಿ ಗಳ ಕಟ್ಟುವುದು, ಮೆಟ್ಟಿಲು ಬರುವ ತೆರಪು ಮತ್ತು ಲಿಫ್ಟಿನ ಗುಂಡಿಯನ್ನು ಅಡ್ಡ ಕಟ್ಟಿಯೋ ಮುಚ್ಚಿಯೋ ಮುಂದಕ್ಕೆ ಹೋಗುವುದು, ಏಣಿಯನ್ನು ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿಯಂತೆ ಬುಡ ಹೊರಗಿಟ್ಟು, ಮೇಲ್ತುದಿ ಮೂರು ಅಡಿ ಮಿಗುವಂತೆ ನಿಲ್ಲಿಸಿ ಕಟ್ಟುವುದು. ಬೀಳುವ ಅವಕಾಶವನ್ನೇ ತೆಗೆದುಹಾಕುವ ಕೆಲಸ ಇದು.

ನಮ್ಮ ಭಾಗದಲ್ಲಿ ಈಗಲೂ ನೀಲಗಿರಿ ಗಳಗಳನ್ನು ಹುರಿಯಿಂದ ಬಿಗಿದು ಸಾರುವೆ ಕಟ್ಟುತ್ತಾರೆ, ಪಕ್ಕದ ಮನೆಯಲ್ಲಿ ಕಬ್ಬಿಣದ ಪೈಪಿನ ಸಾರುವೆ ಇರುತ್ತದೆ. ಒಂದರಲ್ಲಿ ಪಳಗಿದವನಿಗೆ ಇನ್ನೊಂದು ಬರುತ್ತದೆ ಎಂದುಕೊಳ್ಳಬಾರದು. ಗಳದಲ್ಲಿ ಬಿರುಕು, ಹುಳು ತಿಂದ ಬುಡ, ಮಳೆಗೆ ನೆನೆದು ಒಣಗಿ ಸಡಿಲವಾದ ಹುರಿಯನ್ನು ಕಣ್ಣು ಹುಡುಕಬೇಕು. ಪೈಪಿನಲ್ಲಿ ಬಿಗಿಯದ ಕ್ಲಾಂಪು, ಮಣ್ಣಿನ ಮೇಲೆ ನೇರವಾಗಿ ನಿಂತ ಕಾಲು, ಬಿಟ್ಟುಹೋದ ಓರೆ ಕಟ್ಟುಗಳನ್ನು ಹುಡುಕಬೇಕು. ಸಾರುವೆಯ ಬಗೆ ಬದಲಾದ ದಿನವೇ ಕೆಲಸಗಾರರನ್ನು ಅದರ ಬುಡದಲ್ಲಿ ನಿಲ್ಲಿಸಿ ಇವನ್ನು ತೋರಿಸುವುದು ನಮ್ಮ ಪದ್ಧತಿ. ಜೋರು ಮಳೆಯಾದ ಮರುದಿನವೂ ಹಾಗೆಯೇ. ಬಾಣಲಿ ಹೊರುವ ಹೆಣ್ಣುಮಕ್ಕಳನ್ನು ಎಷ್ಟೋ ಕಡೆ ತರಬೇತಿಗೆ ಕರೆಯುವುದೇ ಇಲ್ಲ. ತಲೆಯ ಮೇಲೆ ಭಾರ ಹೊತ್ತವರು ಕಾಲಬುಡವನ್ನು ನೋಡಲಾರರು. ಇಳಿಜಾರಿನ ಹಲಗೆಯ ಮೇಲೆ ದಿನವಿಡೀ ಓಡಾಡುವವರೂ ಅವರೇ. ಅವರನ್ನು ಮೊದಲ ಸಾಲಿನಲ್ಲಿ ನಿಲ್ಲಿಸಬೇಕೆಂದು ನಾನು ಹೇಳುತ್ತೇನೆ.

ಇನ್ನೊಂದು ಮಾತನ್ನು ಯಾರಾದರೂ ಹೇಳಲೇಬೇಕು. ಅಡಿ ಲೆಕ್ಕದಲ್ಲಿ ಕೆಲಸ ಮಾಡುವವನಿಗೆ ಅರ್ಧ ದಿನ ಕುಳಿತು ಕೇಳುವುದೆಂದರೆ ಶನಿವಾರದ ಬಟವಾಡೆಯಲ್ಲಿ ಅಷ್ಟು ಕಡಿಮೆ ಎಂದೇ ಅರ್ಥ. ತರಬೇತಿಯ ಹೊತ್ತಿಗೂ ಕೂಲಿ ಕಟ್ಟಿಕೊಡುತ್ತೇವೆಂದು ಮೊದಲೇ ಹೇಳದಿದ್ದರೆ ಅವನು ಮೈಯನ್ನಷ್ಟೇ ಅಲ್ಲಿ ಕೂರಿಸುತ್ತಾನೆ. ಇಂಜಿನಿಯರ್ ಅವರು ಲೇಬರ್ ಕಂಟ್ರಾಕ್ಟರ್ ಜೊತೆಗಿನ ಕರಾರಿನಲ್ಲಿಯೇ ಇದನ್ನು ಬರೆಸುವುದು ಒಳ್ಳೆಯದು.

ಮರುಪ್ರಶ್ನೆ: ಸೈಟ್ ಇಂಜಿನಿಯರ್, ತುಮಕೂರು

ಇಬ್ಬರಿಗೂ ಕೃತಜ್ಞತೆಗಳು. ಕೂಲಿಯ ವಿಷಯವನ್ನು ನಮ್ಮ ಮಾಲೀಕರೊಡನೆ ಮಾತನಾಡಿ, ತರಬೇತಿಯ ಹೊತ್ತನ್ನು ಕೆಲಸದ ಹೊತ್ತೆಂದೇ ಲೆಕ್ಕ ಹಿಡಿಯಲು ಒಪ್ಪಿಸಿದ್ದೇನೆ. ಶೀಟ್ ಬರುವ ಮೊದಲು ನೆಲದ ಮೇಲೆ ಸಾಲುಗಳನ್ನು ಗುರುತು ಮಾಡಿ ತೋರಿಸುವ ಯೋಚನೆ ನನಗೆ ಬಹಳ ಹಿಡಿಸಿತು.

ಇನ್ನೆರಡು ವಿಷಯಗಳಲ್ಲಿ ಸಲಹೆ ಬೇಕು. ನಾನು ಕನ್ನಡದಲ್ಲಿ ಹೇಳಿದ್ದನ್ನು ಉಕ್ಕಿನ ತಂಡದ ಮೇಸ್ತ್ರಿ ಹಿಂದಿಯಲ್ಲಿ ಹೇಳುತ್ತಾರೆ, ಎಲ್ಲರೂ ತಲೆಯಾಡಿಸುತ್ತಾರೆ. ಅರ್ಥವಾಗಿದೆಯೇ ಇಲ್ಲವೇ ಎಂಬುದನ್ನು ಹೇಗೆ ತಿಳಿಯುವುದು? ಮತ್ತು ಒಬ್ಬನು ಹಾರ್ನೆಸ್‌ನಲ್ಲಿ ತೂಗಾಡುವ ಸ್ಥಿತಿ ಬಂದರೆ ಅವನನ್ನು ಇಳಿಸುವುದನ್ನೂ ಈ ತರಬೇತಿಯಲ್ಲಿಯೇ ಸೇರಿಸಬೇಕೇ?

ಉತ್ತರ: ತರಬೇತುದಾರ್ತಿ, ತುಮಕೂರು

ನಮಸ್ಕಾರ ಸರ್. ಹಿರೇಹಳ್ಳಿ ಮತ್ತು ಅಂತರಸನಹಳ್ಳಿಯ ಸುತ್ತ ನಿರ್ಮಾಣ ಕಾರ್ಮಿಕರಿಗೆ ತರಬೇತಿ ಕೊಡುತ್ತಿರುವವಳಾಗಿ ತಮ್ಮ ಎರಡೂ ಪ್ರಶ್ನೆಗಳಿಗೆ ಉತ್ತರಿಸಲು ಪ್ರಯತ್ನಿಸುತ್ತೇನೆ.

ತಲೆಯಾಡಿಸುವುದನ್ನು ಒಪ್ಪಿಗೆಯೆಂದು ತೆಗೆದುಕೊಳ್ಳಬಹುದೇ ಹೊರತು ತಿಳಿವಳಿಕೆಯೆಂದಲ್ಲ. ಬಿಹಾರದಿಂದ ಬಂದವರಲ್ಲಿ ಭೋಜ್‌ಪುರಿ ಅಥವಾ ಮೈಥಿಲಿ ಮನೆಮಾತಿನವರು ಹಲವರಿರುತ್ತಾರೆ, ಒಡಿಶಾದವರಿಗೆ ಒಡಿಯಾ. ಹಿಂದಿ ಅವರಿಗೂ ಎರಡನೆಯ ಭಾಷೆಯೇ. ಆದ್ದರಿಂದ ನಾನು ಮಾತನ್ನು ಕಡಿಮೆ ಮಾಡಿ, ಕೆಲಸವನ್ನು ಅವರ ಕೈಯಲ್ಲೇ ಮಾಡಿಸುತ್ತೇನೆ. ಹಾರ್ನೆಸ್ ಅನ್ನು ಗಂಟಾಗಿ ಮುದುಡಿ ನೆಲದ ಮೇಲೆ ಇಟ್ಟು, ಬಿಡಿಸಿ ತೊಟ್ಟುಕೊಳ್ಳಲು ಹೇಳಿ. ತೊಡೆಯ ಪಟ್ಟಿ ತಿರುಚದೆ, ಅಂಗೈ ಚಪ್ಪಟೆಯಾಗಿ ತೂರುವಷ್ಟು ಬಿಗಿಯಾಗಿ ಇದೆಯೇ, ಬೆನ್ನಿನ ಕೊಂಡಿ ಭುಜದ ಮೂಳೆಗಳ ನಡುವೆ ನಿಂತಿದೆಯೇ ನೋಡಿ. ಹೊಲಿಗೆ ಬಿಟ್ಟ, ಅಂಚು ಕತ್ತರಿಸಿದ, ವೆಲ್ಡಿಂಗ್ ಕಿಡಿ ಬಿದ್ದು ಸುಟ್ಟ ಒಂದು ಹಳೆಯ ಹಾರ್ನೆಸ್ ಅನ್ನು ಒಳ್ಳೆಯವುಗಳ ನಡುವೆ ಸೇರಿಸಿಡಿ; ಅದನ್ನು ಯಾರು ಹುಡುಕಿ ಬದಿಗಿಡುತ್ತಾರೆ ಎಂಬುದರಲ್ಲಿ ತಮಗೆ ಉತ್ತರ ಸಿಗುತ್ತದೆ. ಪಾಠ ಮುಗಿದ ಕೂಡಲೇ ಅದನ್ನು ಎಲ್ಲರೆದುರಿಗೇ ಕತ್ತರಿಸಿ ಹಾಕಬೇಕು, ಇಲ್ಲವಾದರೆ ಕಳೆದುಹೋದ ಒಂದರ ಬದಲಿಗೆ ಅದೇ ಚಾವಣಿ ಏರುತ್ತದೆ. ಒಮ್ಮೆ ಬಿದ್ದವನನ್ನು ತಡೆದು ಹಿಡಿದ ಹಾರ್ನೆಸ್ ಮತ್ತು ಲ್ಯಾನ್ಯಾರ್ಡ್‌ಗಳಿಗೂ ಅದೇ ಗತಿ ಆಗಬೇಕು. ಹೊರಗಿನಿಂದ ಚೆನ್ನಾಗಿ ಕಂಡರೂ ಅವನ್ನು ಮತ್ತೆ ಬಳಸುವಂತಿಲ್ಲ. ಹೊಸದನ್ನು ಕೊಳ್ಳುವಾಗ ಹಾರ್ನೆಸ್‌ನ ಭಾರತೀಯ ಮಾನಕವಾದ ಐಎಸ್ 3521 ಗುರುತು ಇದೆಯೇ ಎಂಬುದನ್ನೂ ಕೆಲಸಗಾರರಿಗೇ ತೋರಿಸಿಕೊಡಿ, ಆಗ ಅವರು ಮುಂದಿನ ಸೈಟಿನಲ್ಲೂ ಅದನ್ನು ಕೇಳುತ್ತಾರೆ.

ಕಲಿತದ್ದನ್ನು ಇನ್ನೊಬ್ಬರಿಗೆ ಹೇಳಿಕೊಡುವಂತೆ ಮಾಡುವುದು ಅದಕ್ಕಿಂತ ಗಟ್ಟಿಯಾದ ಪರೀಕ್ಷೆ. ಪ್ರತಿ ಭಾಷೆಯ ಗುಂಪಿನಿಂದ ಒಬ್ಬರನ್ನು ಆರಿಸಿ, ಹೊಸದಾಗಿ ಬಂದವರಿಗೆ ಅವರೇ ತೋರಿಸಲಿ, ತಾವು ಪಕ್ಕದಲ್ಲಿ ನಿಂತು ನೋಡಿ. ಎಲ್ಲಿ ಅವರು ತಡವರಿಸುತ್ತಾರೋ ಅಲ್ಲಿ ಮತ್ತೆ ಕಲಿಸಬೇಕು ಎಂದು ತಿಳಿಯುತ್ತದೆ. ಆ ಜವಾಬ್ದಾರಿ ಹೊತ್ತವರ ಕೂಲಿಯಲ್ಲಿ ಸ್ವಲ್ಪ ಹೆಚ್ಚಳ ಕೊಡಿಸಿದರೆ ನ್ಯಾಯವಾಗುತ್ತದೆ.

ಎರಡನೆಯ ಪ್ರಶ್ನೆಗೆ ನನ್ನ ಉತ್ತರ ಖಚಿತವಾಗಿ ಹೌದು. ತೂಗಾಡುವವನ ತೊಡೆಯ ಪಟ್ಟಿಗಳು ರಕ್ತ ಸಂಚಾರವನ್ನು ಒತ್ತುತ್ತವೆ, ಕಾಲು ಆಡದಿದ್ದಾಗ ರಕ್ತ ಕೆಳಗೇ ನಿಲ್ಲುತ್ತದೆ, ನಿಮಿಷಗಳಲ್ಲಿಯೇ ಪ್ರಜ್ಞೆ ತಪ್ಪಬಹುದು. ವಸಂತನರಸಾಪುರದ ಒಳರಸ್ತೆಗೆ 108 ಆಂಬುಲೆನ್ಸ್ ಬರುವವರೆಗೆ ಅವನನ್ನು ಹಾಗೆಯೇ ಬಿಟ್ಟು ಕಾಯುವಂತಿಲ್ಲ. ಕರೆ ಮಾಡುವುದು ಒಬ್ಬರ ಕೆಲಸ, ರಸ್ತೆಯ ತಿರುವಿನಲ್ಲಿ ನಿಂತು ದಾರಿ ತೋರಿಸುವುದು ಇನ್ನೊಬ್ಬರದು, ಇಳಿಸುವುದು ಮೊದಲೇ ಕಲಿತ ಇಬ್ಬರದು ಎಂದು ಹೆಸರು ಹಿಡಿದು ಹಂಚಿರಬೇಕು. ಇಳಿಸಲು ತಮ್ಮ ಬಳಿ ಏನಿದೆ ಎಂಬುದನ್ನು ಈಗಲೇ ನೋಡಿ: ಜನರನ್ನು ಮೇಲೆತ್ತುವ, ಕಟಕಟೆಯಿರುವ ಬೂಮ್ ಲಿಫ್ಟ್ ಯಂತ್ರ ಇದ್ದರೆ ಅದು ಚಾವಣಿ ಕೆಲಸ ನಡೆಯುವಷ್ಟು ದಿನವೂ ಸೈಟಿನಲ್ಲಿಯೇ ಇರಬೇಕು, ಅದನ್ನು ನಡೆಸುವವನು ಊಟಕ್ಕೆ ಹೋದರೆ ಮೇಲಿನ ಕೆಲಸವೂ ನಿಲ್ಲಬೇಕು. ತೂಗಾಡುವವನು ಎಚ್ಚರದಲ್ಲಿದ್ದರೆ ಪಾದ ಇಟ್ಟು ನಿಲ್ಲಲು ಒಂದು ಹಗ್ಗದ ಕುಣಿಕೆ ಸಿಕ್ಕರೂ ಕಾಲಿಗೆ ರಕ್ತ ಹರಿಯುತ್ತದೆ; ಅಂಥ ಕುಣಿಕೆಯುಳ್ಳ ಪಟ್ಟಿಗಳು ಹಾರ್ನೆಸ್‌ಗೆ ಜೋಡಿಸಲು ಸಿಗುತ್ತವೆ. ಮರಳಿನ ಚೀಲಗಳನ್ನು ಹಾರ್ನೆಸ್‌ಗೆ ಕಟ್ಟಿ ತೂಗುಹಾಕಿ ಒಮ್ಮೆ ಇಳಿಸಿ ನೋಡಿ. ಈ ಅಭ್ಯಾಸಕ್ಕೆ ಮನುಷ್ಯರನ್ನು ತೂಗುಹಾಕಬೇಡಿ.

ಮರುತರಬೇತಿಯ ದಿನಗಳ ಬಗ್ಗೆ ಇನ್ನೊಂದು ಮಾತು ಸೇರಿಸುತ್ತೇನೆ. ಆಷಾಢದ ಗಾಳಿಗೆ ಮೊದಲು ಮುಗಿಸಬೇಕೆಂಬ ತಮ್ಮ ಯೋಜನೆ ಸರಿ, ಆದರೆ ಮುಂಗಾರಿಗೆ ಮೊದಲಿನ ಸಂಜೆಯ ಬಿರುಗಾಳಿಯೂ ಉದ್ದನೆಯ ಶೀಟನ್ನು ಹಿಡಿದವನ ಸಮೇತ ಎತ್ತುತ್ತದೆ. ಎಷ್ಟು ಗಾಳಿಗೆ ಕೆಲಸ ನಿಲ್ಲಿಸಬೇಕು ಮತ್ತು ನಿಲ್ಲಿಸು ಎಂದು ಹೇಳುವ ಅಧಿಕಾರ ಚಾವಣಿಯ ಮೇಲಿರುವ ಯಾರಿಗಿದೆ ಎಂಬುದನ್ನು ತರಬೇತಿಯಲ್ಲಿಯೇ ಹೇಳಬೇಕು, ಹಾಗೆ ನಿಲ್ಲಿಸಿದ ಹೊತ್ತಿನ ಕೂಲಿ ಕಡಿತವಾಗದು ಎಂಬುದನ್ನೂ ಕೂಡ. ಹಬ್ಬಕ್ಕೋ ಬಿತ್ತನೆಗೋ ಊರಿಗೆ ಹೋಗಿ ಬಂದವರನ್ನು ಹಳಬರೆಂದು ನೇರವಾಗಿ ಮೇಲಕ್ಕೆ ಕಳುಹಿಸಬೇಡಿ. ಅವರು ಇಲ್ಲದಿದ್ದಾಗ ಲೈಫ್‌ಲೈನ್ ಬೇರೆ ಸಾಲಿಗೆ ಹೋಗಿರುತ್ತದೆ, ಏಣಿ ಬೇರೆ ಕಡೆ ನಿಂತಿರುತ್ತದೆ, ನಿನ್ನೆಯವರೆಗೆ ತೆರೆದಿದ್ದ ಜಾಗದಲ್ಲಿ ತಿರುಪು ಬಿಗಿಯದ ಶೀಟು ಬಂದಿರುತ್ತದೆ. ಬಂದ ಮೊದಲ ದಿನ ನೆಲದ ಕೆಲಸಕ್ಕೆ ಹಾಕಿ, ಅಂದು ಸಂಜೆಯೊಳಗೆ ಚಾವಣಿಯ ಈಗಿನ ಸ್ಥಿತಿಯನ್ನು ಕೆಳಗಿನಿಂದಲೇ ತೋರಿಸಿ, ಹಾರ್ನೆಸ್ ತೊಡಿಸಿ ನೋಡಿ, ಪುಸ್ತಕದಲ್ಲಿ ಬರೆದು, ಮರುದಿನ ಮೇಲಕ್ಕೆ ಕಳುಹಿಸಿ.